ಕ್ಯೋಟೋದಲ್ಲಿ ಮಳೆಯೇ? ಹೀಗೆ ಮಾಡಿ

ನಾಳೆ ಕ್ಯೋಟೋದಲ್ಲಿ ದಿನವಿಡೀ ಮಳೆ, ಜೊತೆಗೆ ಸಸ್ಯಾಹಾರಿ ಅಮ್ಮ, ಎಲ್ಲಿಗೆ ಹೋಗೋದು ಅಂತ ಕೇಳಿದ್ದೀರಿ. ಬಿದಿರು ತೋಪು ಬಿಟ್ಟುಬಿಡಿ, ಸುಮ್ನೆ ನೆನೆಯೋದು ಯಾಕೆ?

ಬೆಳಿಗ್ಗೆ ಸಾಂಜೂಸಾಂಗೆಂಡೋ ಅನ್ನೋ ಬೌದ್ಧ ದೇವಾಲಯ ನೋಡಿ. ಸುಮಾರು 120 ಮೀಟರ್ ಉದ್ದದ ಮರದ ಮಂಟಪ, 1266ರಲ್ಲಿ ಮತ್ತೆ ಕಟ್ಟಿದ್ದು. ಒಳಗೆ ಕರುಣೆಯ ಬೋಧಿಸತ್ವ ಕಾನೊನ್‌ನ 1001 ಮೂರ್ತಿಗಳು. ಅವುಗಳ ಮುಂದೆ 28 ಕಾವಲು ದೇವತೆಗಳು: ಬ್ರಹ್ಮ, ಇಂದ್ರ, ಕೊಳಲೂದುವ ಗರುಡ! ಅಮ್ಮ ಅಲ್ಲಿಂದ ಬೇಗ ಹೊರಡಲ್ಲ ನೋಡಿ. ಫೋಟೋ ತೆಗೆಯೋ ಹಾಗಿಲ್ಲ. ಚಪ್ಪಲಿ ಹೊರಗೇ ಬಿಡಬೇಕು, ಒಣ ಸಾಕ್ಸ್ ಇಟ್ಟುಕೊಳ್ಳಿ.

ಮಧ್ಯಾಹ್ನ ನಿಶಿಕಿ ಮಾರ್ಕೆಟ್. ಮೇಲೆ ಚಾವಣಿ ಇದೆ, ಕೊಡೆ ಬೇಡ. ಸಂಜೆ ಅಂಗಡಿಗಳು ಬೇಗ ಮುಚ್ಚುತ್ತವೆ. ತಿನ್ನುತ್ತಾ ನಡೆಯಬೇಡಿ, ಕೊಂಡ ಅಂಗಡಿಯಲ್ಲೇ ನಿಂತು ತಿನ್ನಿ. ಊಟಕ್ಕೆ ತೋಫು, ಯೂಬಾ (ಸೋಯಾ ಹಾಲಿನ ಕೆನೆ) ಹುಡುಕಿ. ಆದರೆ ಉದೋನ್ (ದಪ್ಪ ಗೋಧಿ ನೂಡಲ್ಸ್), ಮಿಸೋ (ಹುದುಗಿಸಿದ ಸೋಯಾ) ಸೂಪಿನ ಸಾರಿನಲ್ಲಿ ಮೀನು ಹಾಕಿರೋದೇ ಜಾಸ್ತಿ. ಕೇಳದೆ ಕುಡಿಸಬೇಡಿ.