ಸಂಪಾದಕರ ಉತ್ತರ: ಹೆಚ್ಚಿದ್ದು ಗ್ಯಾಂಗ್‌ಗಳೋ, ಎಣಿಕೆಯೋ?

ಓದುಗರೊಬ್ಬರು ಕೇಳಿದ್ದಾರೆ: ‘ಯುರೋಪಿಯನ್ ಒಕ್ಕೂಟದ ಪೊಲೀಸ್ ಸಂಸ್ಥೆಯಾದ ಯುರೋಪೋಲ್‌ನ ಲೆಕ್ಕದಲ್ಲಿ 2013ರಲ್ಲಿ 3,600 ಇದ್ದ ಸಂಘಟಿತ ಅಪರಾಧ ಗುಂಪುಗಳು 2017ಕ್ಕೆ 5,000 ಆದವು. ಕಾನೂನು ಬಿಗಿ ಮಾಡಲು ಇನ್ನೇನು ಪುರಾವೆ ಬೇಕು?’

ಅಂಕಿಗಳು ಸರಿಯಾಗಿವೆ, ತೀರ್ಮಾನ ಸರಿಯಿಲ್ಲ. ಏರಿಕೆಗೆ ಮುಖ್ಯ ಕಾರಣ ಮಾಹಿತಿ ಸಂಗ್ರಹ ಸುಧಾರಿಸಿದ್ದು ಎಂದು 2017ರ ವರದಿಯೇ ಹೇಳಿದೆ. ಅದು ತನಿಖೆಗೆ ಒಳಪಟ್ಟ ಗುಂಪುಗಳ ಲೆಕ್ಕ. ತನಿಖಾಧಿಕಾರಿಗಳು ಹೆಚ್ಚಾದರೆ ಗುಂಪುಗಳೂ ಹೆಚ್ಚು ಕಾಣುತ್ತವೆ. ಮಾದಕವಸ್ತು ಜಪ್ತಿಯದ್ದೂ ಇದೇ ಕಥೆ. ಜಪ್ತಿ ಏರುತ್ತಿರುವಾಗಲೇ ಶುದ್ಧತೆಗೆ ಹೊಂದಿಸಿದ (ಅಂದರೆ ಕಲಬೆರಕೆ ಕಳೆದು ಲೆಕ್ಕ ಹಾಕಿದ) ಬೀದಿ ಬೆಲೆ ಇಳಿಯುತ್ತಿದ್ದರೆ ಪೂರೈಕೆಗೆ ಪೆಟ್ಟು ಬಿದ್ದಿಲ್ಲ ಎಂದೇ ಓದಬೇಕು.

ಇದಕ್ಕಿಂತ ಅಪಾಯಕಾರಿ ಎಂದರೆ ಹುಟ್ಟಿದ ಬಗೆಯೇ ತಿಳಿಯದ ಅಂಕಿ. ವರ್ಷಕ್ಕೆ 6ರಿಂದ 8 ಲಕ್ಷ ಜನರನ್ನು ಗಡಿ ದಾಟಿಸಿ ಕಳ್ಳಸಾಗಣೆ ಮಾಡಲಾಗುತ್ತಿದೆ ಎಂದು ಅಮೆರಿಕ ಸರ್ಕಾರ ಅಂದಾಜಿಸಿತ್ತು. 2006ರಲ್ಲಿ ಅಲ್ಲಿನ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ ಜಿಎಒ ಕೆದಕಿದಾಗ, ಆ ಅಂದಾಜು ಒಬ್ಬನೇ ವ್ಯಕ್ತಿ ಮಾಡಿದ್ದು, ಅವನು ತನ್ನ ಕೆಲಸವನ್ನೆಲ್ಲ ದಾಖಲಿಸಿಟ್ಟಿರಲಿಲ್ಲ ಎಂದು ತಿಳಿಯಿತು. ಮತ್ತೊಬ್ಬರು ಲೆಕ್ಕ ಹಾಕಿ ನೋಡಲಾಗದ ಅಂಕಿಯ ಮೇಲೆ ನೀತಿ ಕಟ್ಟುವುದು ಸಂತ್ರಸ್ತರಿಗೇ ಮಾಡುವ ಅನ್ಯಾಯ.

ಬಚ್ಚಿಟ್ಟುಕೊಂಡದ್ದನ್ನು ಎಣಿಸುವ ವಿಧಾನ ಇಲ್ಲದಿಲ್ಲ. ಪೊಲೀಸರ ಪಟ್ಟಿಯಲ್ಲಿ 200 ಸಂತ್ರಸ್ತರು, ಸ್ವಯಂಸೇವಾ ಸಂಸ್ಥೆಯ ಪಟ್ಟಿಯಲ್ಲಿ 150, ಎರಡರಲ್ಲೂ ಇರುವವರು 30 ಎಂದಿಟ್ಟುಕೊಳ್ಳಿ. ಸಂಸ್ಥೆಯ 150 ಜನರಲ್ಲಿ ಐದರಲ್ಲೊಬ್ಬರು ಪೊಲೀಸರ ಪಟ್ಟಿಯಲ್ಲಿದ್ದಾರೆ, ಹಾಗಾದರೆ ಪೊಲೀಸರ 200 ಕೂಡ ಒಟ್ಟಿನ ಐದನೇ ಒಂದು ಪಾಲು ಎಂಬುದು ತರ್ಕ. 200ನ್ನು 150ರಿಂದ ಗುಣಿಸಿ 30ರಿಂದ ಭಾಗಿಸಿದರೆ ಒಟ್ಟು ಅಂದಾಜು 1,000. ಎಡವುವುದು ಎಲ್ಲಿ? ಪೊಲೀಸರೇ ಸಂತ್ರಸ್ತರನ್ನು ಆ ಸಂಸ್ಥೆಗೆ ಕಳಿಸುತ್ತಿದ್ದರೆ ಪಟ್ಟಿಗಳು ಸ್ವತಂತ್ರವಲ್ಲ. ಸಮಾನ ಹೆಸರುಗಳು 60 ಆದರೆ ಅಂದಾಜು 500ಕ್ಕೆ ಕುಸಿಯುತ್ತದೆ, ನಿಜಸ್ಥಿತಿ ಬದಲಾಗದೆಯೇ. ಒಂದೇ ಹೆಸರಿಗೆ ಎರಡು ಕಾಗುಣಿತವಿದ್ದರೆ ಹೊಂದಿಕೆ ತಪ್ಪಿ ಅಂದಾಜು ಉಬ್ಬುತ್ತದೆ. ಅದಕ್ಕೇ ಎರಡಕ್ಕಿಂತ ಹೆಚ್ಚು ಪಟ್ಟಿ ಬೇಕು. ಬ್ರಿಟನ್ 2014ರಲ್ಲಿ ಹಲವು ಪಟ್ಟಿಗಳನ್ನು ಹೀಗೆ ತಾಳೆಹಾಕಿ, ತಿಳಿದುಬಂದಿದ್ದ 2,744 ಸಂಭಾವ್ಯ ಸಂತ್ರಸ್ತರಿಂದ 10,000–13,000 ಎಂಬ ಅಂದಾಜಿಗೆ ಬಂತು. ಆ ಲೆಕ್ಕದ ಬಗ್ಗೆಯೂ ತಕರಾರು ಎತ್ತಬಹುದು, ಆದರೆ ದಾರಿ ಕಾಣುತ್ತದೆ.

ಬಿಗಿ ಕಾನೂನು ಫಲಕೊಟ್ಟಿತೇ ಎಂದು ತಿಳಿಯಬೇಕಾದರೆ ಕೆಲಸ ಕಾನೂನಿಗೆ ಮೊದಲೇ ಶುರುವಾಗಬೇಕು. ಯಾವುದನ್ನು ಅಳೆಯುತ್ತೇವೆಂದು ಆಗಲೇ ಬರೆದಿಡಬೇಕು, ಆ ಕಾನೂನು ಜಾರಿಯಾಗದ ಪ್ರದೇಶವೊಂದನ್ನೂ ಜೊತೆಗೆ ಅಳೆಯಬೇಕು. ನಡುವೆ ಎಣಿಕೆಯ ನಿಯಮ ಬದಲಾದರೆ, ಆ ಒಂದು ವರ್ಷಕ್ಕಾದರೂ ಹಳೆಯ ಲೆಕ್ಕ, ಹೊಸ ಲೆಕ್ಕ ಎರಡನ್ನೂ ಪ್ರಕಟಿಸಬೇಕು.