ಮಂಗಳೂರಲ್ಲಿ ಒಬ್ರೇ ಇರುವವರು ದಿನಾ ಮಾಡ್ಲಿಕ್ಕೆ ಸುಲಭದ ಊರ ಅಡುಗೆ ಎಂತೆಲ್ಲ ಉಂಟು?

ನೀವು ಬರೆದದ್ದು ಇಷ್ಟು: ದಾವಣಗೆರೆಯಿಂದ ಕೆಲಸಕ್ಕೆ ಅಂತ ಸುರತ್ಕಲ್‌ಗೆ ಬಂದು ರೂಮ್ ಮಾಡಿದ್ದೀರಿ, ಎರಡು ಬರ್ನರಿನ ಸ್ಟವ್, ಕುಕ್ಕರ್, ಮಿಕ್ಸಿ ಉಂಟು, ಮೀನು ತಿನ್ನೋದಿಲ್ಲ, ಹೋಟೆಲ್ ಊಟ ಸಾಕಾಗಿದೆ. ಇಲ್ಲಿ ಸಿಗುವ ತರಕಾರಿ ಹಾಕಿ ಇಲ್ಲಿಯವರ ಹಾಗೆ ಅಡುಗೆ ಕಲೀಬೇಕು, ಆದ್ರೆ ಯೂಟ್ಯೂಬಲ್ಲಿ ಒಂದೊಂದಕ್ಕೂ ಹದಿನೈದು ಸಾಮಾನು ಹೇಳ್ತಾರೆ, ಬೆಳಿಗ್ಗೆ ಅಷ್ಟು ಟೈಮ್ ಇಲ್ಲ, ಮೇಲಿಂದ ತೆಂಗಿನೆಣ್ಣೆ ವಾಸನೆ ಹಿಡಿಸೋದಿಲ್ಲ, ಟಿಫಿನ್ ಬಾಕ್ಸಿಗೆ ಎಂತ ಒಯ್ಯುವುದು ಅಂತ.

ನನ್ನ ಮನೆ ಉಡುಪಿ ಹತ್ರ, ಕೆಲಸ ಮಂಗಳೂರಲ್ಲಿ, ಬೆಳಿಗ್ಗೆ ಅಡುಗೆ ಮುಗಿಸಿಯೇ ಬಸ್ಸು ಹತ್ತುವುದು, ಹಾಗಾಗಿ ನಿಮ್ಮ ಅವಸರ ನಂಗೆ ಗೊತ್ತಾಗ್ತದೆ. ಮೊದಲಿಗೆ ಒಂದು ಮಾತು, ರೆಸಿಪಿ ಲೆಕ್ಕ ಮಾಡ್ಲಿಕ್ಕೆ ಹೋಗ್ಬೇಡಿ ಮಾರಾಯ್ರೆ. ಇಲ್ಲಿಯ ದಿನದ ಅಡುಗೆ ಪೂರಾ ನಿಂತದ್ದು ತೆಂಗಿನಕಾಯಿಯನ್ನು ನೀವು ಎಂತ ಮಾಡ್ತೀರಿ ಅನ್ನುವುದರ ಮೇಲೆ. ಹಸಿ ಕಾಯಿ ಕಡೆದು, ಅಂದ್ರೆ ರುಬ್ಬಿ, ಕುದಿಸದೆ ಬಿಟ್ರೆ ತಂಬುಳಿ, ಮತ್ತೆ ಸಾಸಿವೆ ಅನ್ನುವ ಮೊಸರಿನ ಮೇಲೋಗರ. ಹುರಿದ ಮೆಣಸು ಕೊತ್ತಂಬರಿ ಜೊತೆ ಕಡೆದು ಕುದಿಸಿದ್ರೆ ಕೊದ್ದೆಲ್. ಕಡೆಯದೆ ತುರಿಯನ್ನೇ ಮೇಲಿಂದ ಹಾಕಿದ್ರೆ ಪಲ್ಯ. ಕಾಯಿಯೇ ಇಲ್ಲದಿದ್ರೆ ಬೋಳು ಹುಳಿ. ಈ ನಾಲ್ಕು ಕೈಗೆ ಬಂದ್ರೆ ಮತ್ತೆ ಮಾರ್ಕೆಟಲ್ಲಿ ಯಾವ ತರಕಾರಿ ಕಂಡ್ರೂ ನಿಮಗೆ ಹೆದರಿಕೆ ಇಲ್ಲ.

ಕೊದ್ದೆಲ್‌ನಿಂದ ಶುರು ಮಾಡುವ. ಸೌತೆಕಾಯಿ ತನ್ನಿ, ಸಲಾಡಿಗೆ ಹಾಕುವ ಎಳೆ ಸೌತೆ ಅಲ್ಲ, ಹಳದಿ ಕಿತ್ತಳೆ ಪಟ್ಟೆ ಇರುವ ದಪ್ಪದ್ದು, ಬೇರೆ ಊರಲ್ಲಿ ಮಂಗಳೂರು ಸೌತೆ ಅಂತ ಮಾರ್ತಾರಲ್ಲ ಅದು. ಒಬ್ರೇ ಇರುವವರಿಗೆ ಇದಕ್ಕಿಂತ ಒಳ್ಳೆ ತರಕಾರಿ ಇಲ್ಲ, ಯಾಕಂದ್ರೆ ಕೊಯ್ಯದೆ ಇಟ್ರೆ ಫ್ರಿಜ್ ಇಲ್ಲದೆಯೂ ತಿಂಗಳುಗಟ್ಟಲೆ ಕೆಡೋದಿಲ್ಲ, ಹಳೇ ಮನೆಗಳಲ್ಲಿ ಮಳೆಗಾಲಕ್ಕೆ ಅಂತ ಬಾಳೆ ನಾರಲ್ಲಿ ಕಟ್ಟಿ ಮಾಡಿಗೆ (ಛಾವಣಿಗೆ) ಸಾಲಾಗಿ ನೇತು ಹಾಕ್ತಿದ್ರು, ಈಗಲೂ ಕೆಲವು ಮನೆಯಲ್ಲಿ ಕಾಣ್ಲಿಕ್ಕೆ ಸಿಗ್ತದೆ. ಕೊಯ್ದ ಕೂಡ್ಲೇ ಒಂದು ಚೂರು ಬಾಯಿಗೆ ಹಾಕಿ ನೋಡಿ, ಅಪರೂಪಕ್ಕೆ ಕಹಿ ಬರುವುದುಂಟು, ಕಹಿ ಇದ್ರೆ ಬಿಸಾಡಿ, ಬೆಲ್ಲ ಹಾಕಿ ಸರಿ ಮಾಡುವ ಅಂತ ಹೊರಡ್ಬೇಡಿ. ತಿರುಳು ಬೀಜ ತೆಗೆದು ಸಿಪ್ಪೆ ಸಮೇತ ಸ್ವಲ್ಪ ದೊಡ್ಡ ಹೋಳು ಮಾಡಿ, ಉಪ್ಪು, ಸಣ್ಣ ಗೋಲಿಯಷ್ಟು ಹುಣಸೆಹುಳಿಯ ರಸ, ಒಂದು ತುಂಡು ಬೆಲ್ಲ ಹಾಕಿ ಪಾತ್ರೆಯಲ್ಲೇ ಬೇಯಿಸಿ. ಕುಕ್ಕರ್ ಬೇಡ, ಮುದ್ದೆ ಆಗ್ತದೆ.

ಅದು ಬೇಯುವಾಗ ಮಸಾಲೆ. ನಾಲ್ಕೈದು ಬ್ಯಾಡಗಿ ಮೆಣಸು (ಇದು ನಿಮ್ಮ ಕಡೆಯದ್ದೇ, ದಾವಣಗೆರೆಯಿಂದ ಹಾವೇರಿ ಜಿಲ್ಲೆಗೆ ಎಂತ ದೂರ, ಊರಿಗೆ ಹೋದಾಗ ತನ್ನಿ, ಖಾರ ಕಮ್ಮಿ ಬಣ್ಣ ಜಾಸ್ತಿ), ಒಂದೂವರೆ ಚಮಚ ಕೊತ್ತಂಬರಿ, ಕಾಲು ಚಮಚ ಜೀರಿಗೆ, ಅರ್ಧ ಚಮಚ ಉದ್ದಿನಬೇಳೆ, ಏಳೆಂಟು ಕಾಳು ಮೆಂತೆ. ಮೆಂತೆ ಅಷ್ಟೇ, ಕೈ ಜಾರಿದ್ರೆ ಇಡೀ ಪಾತ್ರೆ ಕಹಿ. ಅರ್ಧ ಚಮಚ ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು ಅರ್ಧ ಕಪ್ ಕಾಯಿತುರಿ ಜೊತೆ ನುಣ್ಣಗೆ ಕಡೆಯಿರಿ. ಇಲ್ಲೇ ಹೊಸಬರ ಅಡುಗೆ ಊರವರ ಅಡುಗೆಯ ಹಾಗೆ ಆಗದೆ ಇರುವುದು, ಮಿಕ್ಸಿ ಒಂದೆರಡು ಸುತ್ತು ತಿರುಗಿಸಿ ಆಯ್ತು ಅಂತ ಬಿಟ್ಟುಬಿಡ್ತಾರೆ. ನಿಲ್ಲಿಸಿ, ಬದಿಯದ್ದನ್ನು ಕೆಳಗೆ ದೂಡಿ, ಸ್ವಲ್ಪ ಸ್ವಲ್ಪವೇ ನೀರು ಹಾಕಿ ಮತ್ತೆ ತಿರುಗಿಸಿ, ಎರಡು ಬೆರಳಿನ ನಡುವೆ ತಿಕ್ಕಿದ್ರೆ ರವೆ ಸಿಗಬಾರದು. ತುರಿ ಫ್ರಿಜ್‌ನಿಂದ ತೆಗೆದದ್ದಾದ್ರೆ ಉಗುರುಬೆಚ್ಚಗಿನ ನೀರು ಹಾಕಿ ಎರಡು ನಿಮಿಷ ಬಿಟ್ಟು ಕಡೆಯಿರಿ, ಇಲ್ಲದಿದ್ರೆ ಕಾಯಿಯ ಜಿಡ್ಡು ಬೆಣ್ಣೆ ಬಂದ ಹಾಗೆ ಬೇರೆಯಾಗಿ ಬ್ಲೇಡಿಗೆ ಅಂಟಿಕೊಳ್ತದೆ. ಕಡೆದದ್ದನ್ನು ಬೆಂದ ಹೋಳುಗಳಿಗೆ ಹಾಕಿ ಒಂದು ಕುದಿ ಬರಿಸಿ, ಜಜ್ಜಿದ ಬೆಳ್ಳುಳ್ಳಿ ಕೆಂಪಾಗುವವರೆಗೆ ಒಗ್ಗರಣೆ ಮಾಡಿ ಸುರಿದು ಮುಚ್ಚಿಡಿ. ಬೆಳ್ಳುಳ್ಳಿ ತಿನ್ನದ ಮನೆಯಲ್ಲಿ ಸಾಸಿವೆ, ಕರಿಬೇವು, ಇಂಗು. ಇದೇ ಮಸಾಲೆಗೆ ಬಸಳೆ ಹಾಕಿದ್ರೆ ಬಸಳೆ ಕೊದ್ದೆಲ್, ದಂಟು ಮೊದಲು ಬೇಯಿಸಿ ಎಲೆ ಕೊನೆಗೆ ಹಾಕ್ಬೇಕು, ನಾಲ್ಕು ಹಲಸಿನ ಬೀಜ ಸಿಕ್ಕಿದ್ರೆ ಅದೂ ಇರ್ಲಿ, ಅದರ ರುಚಿ ಹೇಳಿ ಮುಗಿಯೋದಿಲ್ಲ.

ಟೈಮ್ ಉಳಿಸ್ಲಿಕ್ಕೆ ಆದಿತ್ಯವಾರ ಎಣ್ಣೆ ಇಲ್ಲದೆ ಮಸಾಲೆ ಸಾಮಾನು ಜಾಸ್ತಿ ಹುರಿದು ಬಾಟಲಿಯಲ್ಲಿ ತುಂಬಿಸಿಡಿ, ಪುಡಿ ಮಾಡ್ಬೇಡಿ, ಇಡಿಯಾಗಿಯೇ ಇರ್ಲಿ. ಬೆಳಿಗ್ಗೆ ಒಂದು ಹಿಡಿ ತೆಗೆದು ಕಾಯಿ ಜೊತೆ ಮಿಕ್ಸಿಗೆ ಹಾಕುವುದು. ಕಾಯಿ ಒಡೆದ್ರೆ ಕಣ್ಣಿರುವ ಗಡಿ (ಅರ್ಧ ಹೋಳು) ಮೊದಲು ಖರ್ಚು ಮಾಡಿ, ಅದು ಬೇಗ ಹಾಳಾಗ್ತದೆ. ಪ್ಯಾಕೆಟಿನ ಒಣ ತುರಿ ಮಾತ್ರ ದಯವಿಟ್ಟು ಬೇಡ.

ತಂಬುಳಿಗೆ ಹತ್ತು ನಿಮಿಷ ಸಾಕು. ಒಂದೆಲಗ ಅಂತ ಕೇಳಿ, ಬುಟ್ಟಿ ಇಟ್ಟು ಕೂತ ಅಜ್ಜಿಗೆ ಅರ್ಥ ಆಗದಿದ್ರೆ ತಿಮರೆ ಅಂತ ಹೇಳಿ, ಸಣ್ಣ ಕಟ್ಟು ಕೊಡ್ತಾರೆ. ನೀರು ನಿಲ್ಲುವ ಜಾಗದಲ್ಲಿ ಬೆಳೆಯುವುದು, ಬುಡದಲ್ಲಿ ಮಣ್ಣಿರ್ತದೆ, ಮೂರು ನಾಲ್ಕು ನೀರಲ್ಲಿ ತೊಳೀರಿ. ತುಪ್ಪದಲ್ಲಿ ಅರ್ಧ ಚಮಚ ಜೀರಿಗೆ, ನಾಲ್ಕು ಕಾಳು ಒಳ್ಳೆಮೆಣಸು (ಕಾಳುಮೆಣಸು) ಹಾಕಿ ಚಟಪಟ ಅಂದ ಮೇಲೆ ಸೊಪ್ಪು ಹಾಕಿ ಬಾಡಿಸಿ, ಮೂರು ಚಮಚ ಹಸಿ ಕಾಯಿ ಜೊತೆ ಕಡೆದು ಮಜ್ಜಿಗೆ, ಉಪ್ಪು ಸೇರಿಸಿ. ಕುದಿಸ್ಲಿಕ್ಕಿಲ್ಲ. ಸಾಸಿವೆ, ಒಣಮೆಣಸಿನ ಒಗ್ಗರಣೆ. ಮಜ್ಜಿಗೆ ತುಂಬ ಹುಳಿ ಇದ್ರೆ ಸೊಪ್ಪಿನ ಪರಿಮಳ ಸತ್ತುಹೋಗ್ತದೆ, ಅದೊಂದು ನೋಡ್ಕೊಳ್ಳಿ. ದೊಡ್ಡಪತ್ರೆಯಲ್ಲೂ ಹೀಗೆಯೇ, ಅದರ ಒಂದು ಗೆಲ್ಲು ತಂದು ಕಿಟಕಿ ಹತ್ರ ಚಟ್ಟಿಯಲ್ಲಿ ಊರಿದ್ರೆ ಮತ್ತೆ ದುಡ್ಡು ಕೊಡ್ಲಿಕ್ಕೇ ಇಲ್ಲ. ಇನ್ನು ಸಾಸಿವೆ ಅಂದ್ರೆ ಹಸಿ ಕಾಯಿ, ಒಂದು ಒಣಮೆಣಸು, ಕಾಲು ಚಮಚ ಹಸಿ ಸಾಸಿವೆ ಕಡೆದು ಬೇಯಿಸಿದ ಬೆಂಡೆಗೋ ಮಾವಿನಹಣ್ಣಿಗೋ ಮೊಸರಿನ ಜೊತೆ ಕಲಸುವುದು, ಸಾಸಿವೆ ಅದಕ್ಕಿಂತ ಜಾಸ್ತಿ ಹಾಕಿದ್ರೆ ಕಹಿ.

ಪಲ್ಯ ನಿಮಗೆ ಗೊತ್ತಿರ್ತದೆ. ಇಲ್ಲಿಯ ರುಚಿ ಬರಬೇಕಾದ್ರೆ ಅಲಸಂಡೆ ಅಥವಾ ತೊಂಡೆಕಾಯಿಗೆ ಸ್ವಲ್ಪ ಬೆಲ್ಲ ಹಾಕಿ, ನೀರು ಚಿಮುಕಿಸಿ ಮುಚ್ಚಿ ಬೇಯಿಸಿ, ಕಾಯಿತುರಿ ಸ್ಟವ್ ಆಫ್ ಮಾಡುವ ಹೊತ್ತಿಗೆ.

ಬೋಳು ಹುಳಿಗೆ ಮಟ್ಟುಗುಳ್ಳ ಸಿಕ್ಕಿದ್ರೆ ಬಿಡಬೇಡಿ. ಉಡುಪಿ ಕಟಪಾಡಿ ಹತ್ರ ಮಟ್ಟು ಅಂತ ಊರುಂಟು, ಅಲ್ಲಿ ಬೆಳೆಯುವ ಗುಂಡಗಿನ ಹಸಿರು ಬದನೆ, ತೊಟ್ಟಲ್ಲಿ ಮುಳ್ಳಿರ್ತದೆ, ಆ ಊರಿನದ್ದೇ ಅಂತ ಗುರುತಿಸುವ ಜಿಐ ಟ್ಯಾಗ್ 2011ರಲ್ಲಿ ಬಂದಿದೆ. ಸೋದೆ ಮಠದ ವಾದಿರಾಜ ಸ್ವಾಮಿಗಳು ಬೀಜ ಕೊಟ್ಟದ್ದು ಅಂತ ಊರಲ್ಲಿ ನಂಬಿಕೆ. ಸಿಪ್ಪೆ ತೆಳು, ಬೇಗ ಬೇಯ್ತದೆ. ತೊಗರಿಬೇಳೆ ಬೇಯಿಸಿಟ್ಟು, ಗುಳ್ಳವನ್ನು ಉಪ್ಪು, ಹುಳಿ, ಬೆಲ್ಲ, ಸೀಳಿದ ಹಸಿಮೆಣಸು ಹಾಕಿ ಬೇಯಿಸಿ, ಬೇಳೆ ಸೇರಿಸಿ ಕುದಿಸಿ ಇಂಗಿನ ಒಗ್ಗರಣೆ, ಮುಗೀತು. ಹೆಸರು ನೋಡಿ ಸಾಮಾನ್ಯ ಗುಳ್ಳವನ್ನೇ ಮಟ್ಟು ಅಂತ ಕೊಡುವವರೂ ಇದ್ದಾರೆ, ಗುರ್ತದವರ ಹತ್ರವೇ ತಗೊಳ್ಳಿ.

ತೆಂಗಿನೆಣ್ಣೆಯ ವಿಷಯಕ್ಕೆ ಬಂದ್ರೆ, ಬೇಯಿಸುವ ಹುರಿಯುವ ಕೆಲಸ ನಿಮ್ಮ ಎಣ್ಣೆಯಲ್ಲೇ ಮಾಡಿ, ಕೊನೆಯ ಒಗ್ಗರಣೆ ಮಾತ್ರ ಅರ್ಧ ಚಮಚ ತೆಂಗಿನೆಣ್ಣೆಯಲ್ಲಿ. ಅದೂ ಮಿಲ್ಲಿನಿಂದ ಆಗ ತಂದದ್ದಾಗಿರ್ಲಿ, ತುಂಬ ಜನರಿಗೆ ಹಿಡಿಸದೆ ಇರುವುದು ಹಳಸಿದ ಎಣ್ಣೆಯ ಕಮಟು ವಾಸನೆ. ಅದೂ ಆಗೋದಿಲ್ವಾ, ಬಿಡಿ, ಕೊದ್ದೆಲ್ ಕೊದ್ದೆಲ್ಲೇ.

ಅನ್ನಕ್ಕೆ ಕುಚಲಕ್ಕಿ (ಭತ್ತ ಬೇಯಿಸಿ ಮಾಡಿದ ಅಕ್ಕಿ) ಟ್ರೈ ಮಾಡಿ. ಒಂದು ಲೋಟಕ್ಕೆ ನಾಲ್ಕು ಲೋಟ ನೀರು, ಕುಕ್ಕರಲ್ಲಿ ಒಂದು ವಿಸಿಲ್ ಆದ ಮೇಲೆ ಆಫ್ ಮಾಡಿ ಸ್ನಾನ ಮುಗಿಸಿ ಬನ್ನಿ, ಅರ್ಧ ಗಂಟೆಯಾದ್ರೂ ಆಗ್ಲಿ, ಮತ್ತೆ ಒಂದೆರಡು ವಿಸಿಲ್ ಹೊಡೆಸಿ, ತಿಳಿ ಬಸಿದ್ರೆ ಅನ್ನ, ಬಸಿಯದಿದ್ರೆ ಗಂಜಿ. ರಾತ್ರಿ ಸುಸ್ತಾಗಿ ಬಂದ ದಿನ ಗಂಜಿಗೆ ಚಮಚ ತುಪ್ಪ, ಉಪ್ಪಿನಕಾಯಿ, ಸುಟ್ಟ ಹಪ್ಪಳ, ಬೇರೆಂತ ಬೇಕು?

ತರಕಾರಿ ತಗೊಳ್ಳುವಾಗ ಊರದ್ದಾ ಘಟ್ಟದ್ದಾ (ಇಲ್ಲಿ ಬೆಳೆದದ್ದಾ, ಘಟ್ಟದ ಮೇಲಿಂದ ಬಂದದ್ದಾ) ಅಂತ ಕೇಳಿ, ಎಲ್ರೂ ಹಾಗೇ ಕೇಳುವುದು, ಬೇಜಾರು ಮಾಡ್ಕೊಳ್ಳೋದಿಲ್ಲ. ಊರ ಬೆಂಡೆ ಬಿಳಿಚಿಕೊಂಡು ಉದ್ದಕ್ಕೆ ಇರ್ತದೆ, ನೋಡ್ಲಿಕ್ಕೆ ಬಲಿತ ಹಾಗೆ ಕಂಡ್ರೂ ಮೆತ್ತಗೆ ಬೇಯ್ತದೆ. ಜೋರು ಮಳೆಯ ಟೈಮಲ್ಲಿ ಊರ ತರಕಾರಿ ಕಮ್ಮಿ, ಆಗ ಕೆಸುವಿನ ಎಲೆ, ತಜಂಕ್ ಅನ್ನುವ ಮಳೆಗಾಲದ ಸೊಪ್ಪು, ಕಣಿಲೆ (ಎಳೆ ಬಿದಿರು) ಬರ್ತದೆ. ಕಣಿಲೆಯನ್ನು ನೀರು ಬದಲಿಸ್ತಾ ನೆನೆಸ್ಬೇಕು, ಕೆಸುವಿಗೆ ಹುಳಿ ಸಾಕಾಗದಿದ್ರೆ ಗಂಟಲು ತುರಿಸ್ತದೆ, ಹಾಗಾಗಿ ಕೆಸುವಿನ ಎಲೆಯ ಪತ್ರೊಡೆ ಎಲ್ಲ ಕೆಲಸದ ದಿನ ಮಾಡ್ಲಿಕ್ಕೆ ಹೊರಡ್ಬೇಡಿ, ಪಕ್ಕದ ಮನೆಯವರು ಕೊಟ್ರೆ ಸುಮ್ನೆ ತಿನ್ನಿ.

ಟಿಫಿನ್ ಬಾಕ್ಸಿಗೆ ಎಂತ ಅಂತಲೂ ಕೇಳಿದ್ರಿ. ನಮ್ಮ ಸೆಕೆಗೆ ಹಸಿ ಕಾಯಿಯದ್ದು ಮಧ್ಯಾಹ್ನದ ಒಳಗೆ ಹಳಸ್ತದೆ, ಮಾರ್ಚ್ ಏಪ್ರಿಲಲ್ಲಂತೂ ಕೇಳುವುದೇ ಬೇಡ. ತಂಬುಳಿ, ಸಾಸಿವೆ ಮನೆಯಲ್ಲಿ ಊಟ ಮಾಡುವ ದಿನಕ್ಕೆ ಇಡಿ. ಬಾಕ್ಸಿಗೆ ಬೋಳು ಹುಳಿ, ಕಾಯಿ ಹಾಕುವ ಮೊದಲು ಬೇರೆ ತೆಗೆದಿಟ್ಟ ಪಲ್ಯ ಒಳ್ಳೆಯದು. ಕೊದ್ದೆಲ್ ಒಯ್ಯುವುದಾದ್ರೆ ಚೆಂದ ಕುದಿಸಿ, ಆರಿದ ಮೇಲೆಯೇ ಮುಚ್ಚಳ ಹಾಕಿ, ಉಳಿದದ್ದನ್ನು ರಾತ್ರಿ ಇನ್ನೊಮ್ಮೆ ಕುದಿಸಿಕೊಳ್ಳಿ, ಸೌತೆ ಕೊದ್ದೆಲ್ ಆವಾಗ ಇನ್ನೂ ರುಚಿ.