ವೈರಸ್ ಇರುವ ರಕ್ತಕಣಗಳನ್ನು ಬೆಳೆಸಬಹುದೇ?

ಪ್ರಶ್ನೆ: ನನ್ನ ತಮ್ಮನಿಗೆ ಎಚ್‌ಐವಿ ಇದ್ದು, ಎಆರ್‌ಟಿ (ಎಚ್‌ಐವಿ ಚಿಕಿತ್ಸಾ) ಕೇಂದ್ರದ ಮಾತ್ರೆಗಳಿಂದ ಆರೋಗ್ಯವಾಗಿದ್ದಾನೆ. ಈಚೆಗೆ ಸಂಶೋಧನೆಗೆಂದು ಅವನ ರಕ್ತ ಕೇಳಿದ್ದಾರೆ. ಅದರಲ್ಲಿನ ರೋಗನಿರೋಧಕ ಕಣಗಳನ್ನು ಪ್ರಯೋಗಾಲಯದಲ್ಲಿ ಬೆಳೆಸುತ್ತಾರಂತೆ. ಇದು ಸಾಧ್ಯವೇ? ಬೆಳೆಸಿದ ಕಣಗಳನ್ನು ಅವನಿಗೇ ಮರಳಿ ಕೊಟ್ಟರೆ ಗುಣವಾದೀತೇ?
– ಹೆಸರು ಬೇಡ, ರಾಜಾಜಿನಗರ, ಬೆಂಗಳೂರು

ಉತ್ತರ: ಬೆಳೆಸುವುದು ಖಂಡಿತ ಸಾಧ್ಯ. ಫೈಕಾಲ್ ಎಂಬ ಸಾಂದ್ರ ದ್ರವದ ಮೇಲೆ ರಕ್ತವನ್ನು ನಿಧಾನವಾಗಿ ಸುರಿದು ಯಂತ್ರದಲ್ಲಿ ತಿರುಗಿಸಿದಾಗ ಕೆಂಪು ಕಣಗಳು ತಳ ಸೇರುತ್ತವೆ. ಮೇಲಿನ ಹಳದಿ ಪ್ಲಾಸ್ಮಾಕ್ಕೂ ಫೈಕಾಲ್‌ಗೂ ನಡುವೆ ಮಂಜಿನಂಥ ಒಂದು ತೆಳು ಬಿಳಿ ಪದರ ನಿಲ್ಲುತ್ತದೆ. ಎಚ್‌ಐವಿ ಮುಖ್ಯವಾಗಿ ದಾಳಿ ಮಾಡುವ ಸಿಡಿ4 ಎಂಬ ರೋಗನಿರೋಧಕ ಕಣಗಳು ಇರುವುದು ಈ ಪದರದಲ್ಲಿಯೇ. ಅವನ್ನು ಬೇರ್ಪಡಿಸಿ, ಪೋಷಕ ದ್ರವದಲ್ಲಿ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಿಸುತ್ತಾರೆ.

ತೊಡಕು ಎದುರಾಗುವುದು ಇಲ್ಲಿಂದ ಮುಂದೆ. ಸುಮ್ಮನಿರುವ ಸಿಡಿ4 ಕಣವನ್ನು ಪ್ರಚೋದಿಸದೆ ಅದು ವಿಭಜನೆಯಾಗುವುದಿಲ್ಲ. ಆದರೆ ಪ್ರಚೋದಿಸಿದರೆ ಅದರೊಳಗೆ ಅಡಗಿರುವ ವೈರಸ್ಸೂ ಎಚ್ಚರಗೊಂಡು ಪಕ್ಕದ ಕಣಗಳಿಗೆ ಹರಡಬಹುದು. 1996ರಲ್ಲಿ ಅಮೆರಿಕದ ಕಾರ್ಲ್ ಜೂನ್ ಅವರ ತಂಡವು ಕಣದ ಮೇಲ್ಮೈಯಲ್ಲಿ ಸಂಕೇತ ಹಿಡಿಯುವ ಸಿಡಿ3 ಮತ್ತು ಸಿಡಿ28 ಎಂಬ ಎರಡು ಪ್ರೋಟೀನ್‌ಗಳಿಗೆ ಅಂಟುವ ಪ್ರತಿಕಾಯಗಳನ್ನು ಸೂಕ್ಷ್ಮ ಮಣಿಗಳ ಮೇಲೆ ಕೂರಿಸಿ ಪ್ರಚೋದಿಸಿದಾಗ, ಕಣಗಳು ಹೆಚ್ಚಿದವು. ಜೊತೆಗೆ, ಎಚ್‌ಐವಿಯ ಹಲವು ತಳಿಗಳು ಒಳಹೊಗಲು ಬಳಸುವ ಸಿಸಿಆರ್5 ಎಂಬ ದ್ವಾರವೂ ಅವುಗಳ ಮೇಲೆ ಕಡಿಮೆಯಾಯಿತು. ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರಕ್ಕೆ ದಾರಿ ತೆರೆದದ್ದು ಈ ಕೆಲಸವೇ.

ಮರಳಿ ಕೊಡುವ ಪ್ರಯತ್ನವೂ ನಡೆದಿದೆ. 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 12 ಮಂದಿಯ ಕಣಗಳನ್ನು ಹೊರಗೆ ಬೆಳೆಸಿ, ಅವುಗಳಲ್ಲಿ ಒಂದು ಪಾಲಿನ ಸಿಸಿಆರ್5 ವಂಶವಾಹಿಯನ್ನು ಕತ್ತರಿಸಿ, ಪ್ರತಿಯೊಬ್ಬರಿಗೂ ಸುಮಾರು 1,000 ಕೋಟಿ ಕಣಗಳನ್ನು ನೀಡಲಾಯಿತು. ಬದಲಾಯಿಸಿದ ಕಣಗಳು ದೇಹದಲ್ಲಿ ಉಳಿದವು. ಆದರೂ ವೈದ್ಯರ ನಿಗಾದಲ್ಲಿ ಮಾತ್ರೆ ನಿಲ್ಲಿಸಿದವರಲ್ಲಿ ವೈರಸ್ ಮರಳಿತು. ಒಬ್ಬರಲ್ಲಿ ಮಾತ್ರ ಅದು ಪತ್ತೆಯಾಗದ ಮಟ್ಟಕ್ಕೆ ಇಳಿಯಿತು. ಅವರಿಗೆ ಆ ವಂಶವಾಹಿಯ ಒಂದು ಪ್ರತಿ ಹುಟ್ಟಿನಿಂದಲೇ ನಿಷ್ಕ್ರಿಯವಾಗಿತ್ತು. ಆದ್ದರಿಂದ ಇದನ್ನು ಚಿಕಿತ್ಸೆಯೆಂದು ಹೇಳಿ ಯಾರಾದರೂ ಹಣ ಕೇಳಿದರೆ ದಯವಿಟ್ಟು ನಂಬಬೇಡಿ, ತಮ್ಮನ ಮಾತ್ರೆ ಒಂದು ದಿನವೂ ತಪ್ಪದಿರಲಿ.

ಹಾಗಾದರೆ ಅವನ ರಕ್ತವೇಕೆ ಬೇಕು? ವೈರಸ್ ಪ್ರಮಾಣ ಪತ್ತೆಯಾಗದಷ್ಟು ಇಳಿದವರಲ್ಲಿಯೂ, ವಿಶ್ರಾಂತ ಸ್ಥಿತಿಯ ಸಿಡಿ4 ಕಣಗಳಲ್ಲಿ ಸುಮಾರು ಹತ್ತು ಲಕ್ಷಕ್ಕೊಂದು ಮತ್ತೆ ಬೆಳೆಯಬಲ್ಲ ವೈರಸ್ಸನ್ನು ಹೊತ್ತಿರುತ್ತದೆ. ಆ ಗುಪ್ತ ಸಂಗ್ರಹವನ್ನು ಅಳೆಯುವ ಒಂದು ಮುಖ್ಯ ವಿಧಾನವೆಂದರೆ ಕಣಗಳನ್ನು ಹೊರಗೆ ಎಚ್ಚರಿಸಿ ನೋಡುವುದು. ಭಾರತದಲ್ಲಿ ಹೆಚ್ಚಾಗಿ ಕಂಡುಬರುವುದು ಸಿ ಉಪವರ್ಗದ ವೈರಸ್. ಅದರ ಅಧ್ಯಯನ ನಮ್ಮ ಜಕ್ಕೂರಿನ ಜವಾಹರಲಾಲ್ ನೆಹರೂ ಸಂಶೋಧನಾ ಕೇಂದ್ರದಲ್ಲಿಯೂ ನಡೆದುಬಂದಿದೆ. ಇಲ್ಲಿನವರ ರಕ್ತದ ಮಾದರಿಗಳಿಗೆ ಅದಕ್ಕಾಗಿಯೇ ಬೆಲೆಯಿದೆ.

ಕೊಡುವುದೋ ಬಿಡುವುದೋ ನಿಮ್ಮ ತಮ್ಮನ ಇಚ್ಛೆ. ಎಚ್‌ಐವಿ ಮತ್ತು ಏಡ್ಸ್ ಕುರಿತ 2017ರ ಕಾಯ್ದೆಯ ಪ್ರಕಾರ, ವಿಷಯವನ್ನು ತಿಳಿಸಿ ಒಪ್ಪಿಗೆ ಪಡೆಯದೆ ಯಾರನ್ನೂ ಸಂಶೋಧನೆಗೆ ಒಳಪಡಿಸುವಂತಿಲ್ಲ. ಸಹಿ ಹಾಕುವ ಮೊದಲು, ಕಣಗಳನ್ನು ಎಷ್ಟು ಕಾಲ ಶೈತ್ಯದಲ್ಲಿ ಕಾಪಿಡುತ್ತಾರೆ, ಹೆಸರಿನ ಬದಲು ಸಂಕೇತ ಸಂಖ್ಯೆ ಬಳಸುತ್ತಾರೆಯೇ, ಮುಂದೆ ಮನಸ್ಸು ಬದಲಾದರೆ ಹಿಂದೆ ಸರಿಯುವುದು ಹೇಗೆ ಎಂಬುದನ್ನು ಅವನು ಕೇಳಿ ತಿಳಿದುಕೊಳ್ಳಲಿ.